ಸ್ಕೀ ಕಲಿಸುವವರಾಗಲು ಮೂರು ದಿನ: ಕೆನಡಾದ ಮೊದಲ ಹಂತದ ಕೋರ್ಸಿಗೆ ನನ್ನ ಅಂಕ

ಕೆನಡಿಯನ್ ಸ್ಕೀ ಇನ್‌ಸ್ಟ್ರಕ್ಟರ್ಸ್ ಅಲಯನ್ಸ್ ನಡೆಸುವ ಮೊದಲ ಹಂತದ ಬೋಧಕರ ಕೋರ್ಸಿಗೆ ಹತ್ತಕ್ಕೆ ಎಂಟು. ಹಾಸನದ ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಗಣಿತದ ಉತ್ತರಪತ್ರಿಕೆ ತಿದ್ದಿದವಳು ನಾನು. ಕೈ ಬಿಗಿ ಎಂಬ ಹೆಸರು ಆಗಲೇ ಇತ್ತು. ಆದ್ದರಿಂದ ಎಂಟು ಎಂದರೆ ಕೋರ್ಸು ಗಟ್ಟಿಯಾಗಿದೆ ಎಂದೇ ತಿಳಿಯಬೇಕು.

ನಾನು ಈ ಕೋರ್ಸ್ ಮಾಡಿದೆ ಎಂದು ತಿಳಿದೊಡನೆ ಕ್ಯಾಲ್ಗರಿಯ ನಮ್ಮ ಕನ್ನಡದವರು ಕೇಳಿದ ಮೊದಲ ಪ್ರಶ್ನೆ, "ಅಷ್ಟು ಚೆನ್ನಾಗಿ ಸ್ಕೀ ಮಾಡುತ್ತೀರಾ ಅಕ್ಕ?" ಎರಡನೆಯದು, "ಈ ವಯಸ್ಸಿನಲ್ಲಿ ಬೇಕಿತ್ತಾ?" ಎರಡನೆಯದಕ್ಕೆ ನಾನು ಉತ್ತರ ಕೊಡುವುದಿಲ್ಲ. ಮೊದಲನೆಯದಕ್ಕೆ ಉತ್ತರ: ಇಲ್ಲ, ಸಾಧಾರಣವಾಗಿ ಮಾಡುತ್ತೇನೆ. ಹಸಿರು ವೃತ್ತದ ಗುರುತಿರುವ ಸುಲಭದ ಇಳಿಜಾರುಗಳಲ್ಲಿ, ನೀಲಿ ಚೌಕದ ಗುರುತಿರುವ ಮಧ್ಯಮ ಇಳಿಜಾರುಗಳ ಪೈಕಿ ಸೌಮ್ಯವಾದವುಗಳಲ್ಲಿ, ಎರಡೂ ಸ್ಕೀಗಳನ್ನು ಸಮಾನಾಂತರವಾಗಿ ಇಟ್ಟುಕೊಂಡು ವೇಗ ಕೈಮೀರದಂತೆ ಒಂದಾದ ಮೇಲೊಂದು ತಿರುವು ತೆಗೆದುಕೊಳ್ಳಬಲ್ಲೆ. ಮೊದಲ ಹಂತಕ್ಕೆ ಇಷ್ಟು ಸಾಕು. ಕಪ್ಪು ವಜ್ರದ ಗುರುತಿರುವ ಕಡಿದಾದ ಜಾಗಗಳಲ್ಲಿ ಹಾರಿ ಇಳಿಯುವವರಿಗೆ ಮಾತ್ರ ಈ ಕೆಲಸ ಎಂದುಕೊಂಡು ಹಿಂಜರಿಯುವವರಿದ್ದಾರಲ್ಲ, ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಸಂಘ 1938ರಲ್ಲಿ ಆರಂಭವಾದದ್ದು. ಬೋಧಕರಿಗೆ ನಾಲ್ಕು ಹಂತಗಳಿವೆ. ಮೊದಲನೆಯದು ಮೂರು ದಿನದ ಕೋರ್ಸ್, ಬಹುಪಾಲು ಹಿಮದ ಮೇಲೆಯೇ. ಪಾಸಾದವರು ಹೊಸಬರಿಗೆ, ಅಂದರೆ ಸ್ಕೀಯನ್ನು ಮೊದಲ ಬಾರಿಗೆ ಕಾಲಿಗೆ ಕಟ್ಟಿಕೊಂಡವರಿಗೆ ಮತ್ತು ಅವರಿಗಿಂತ ಒಂದೆರಡು ಮೆಟ್ಟಿಲು ಮೇಲಿರುವವರಿಗೆ, ಕಲಿಸಬಹುದು. ಸ್ವಂತ ಸ್ಕೀಯಿಂಗ್ ಒಂದು ವಿಷಯ, ಕಲಿಸುವುದು ಇನ್ನೊಂದು ವಿಷಯ. ಎರಡರಲ್ಲೂ ಬೇರೆ ಬೇರೆಯಾಗಿ ತೇರ್ಗಡೆಯಾಗಬೇಕು. ನಮ್ಮ ಗುಂಪಿನಲ್ಲಿ ಕೊನೆಯ ದಿನದ ದೊಡ್ಡ ಪರೀಕ್ಷೆ ಎಂಬುದೇನೂ ಇರಲಿಲ್ಲ, ಮೂರೂ ದಿನ ನಮ್ಮನ್ನು ನೋಡುತ್ತಲೇ ಇದ್ದರು. ಪರೀಕ್ಷೆಯ ಹಿಂದಿನ ರಾತ್ರಿ ಓದಿ ಪಾಸಾಗುವ ನಮ್ಮ ಜಾಣತನ ಇಲ್ಲಿ ನಡೆಯುವುದಿಲ್ಲ. ಸ್ನೋಬೋರ್ಡ್ ಕಲಿಸಬೇಕೆಂದಿರುವವರಿಗೆ ಬೇರೆಯದೇ ಸಂಘವಿದೆ, ಇದಕ್ಕೆ ಹಣ ಕಟ್ಟಬೇಡಿ.

ನಮ್ಮ ಗುಂಪಿನಲ್ಲಿ ಹಲವು ಬಗೆಯವರಿದ್ದರು. ಕಾಲೇಜು ಮುಗಿಸುವ ಮುನ್ನ ಒಂದು ಚಳಿಗಾಲವನ್ನು ಬೆಟ್ಟದಲ್ಲಿ ಕಳೆಯಬೇಕೆಂದು ಬಂದ ಆಸ್ಟ್ರೇಲಿಯಾದ ಹುಡುಗಿ. ಎಣ್ಣೆ ಕಂಪನಿಯಿಂದ ನಿವೃತ್ತರಾದ ಒಬ್ಬ ಎಂಜಿನಿಯರ್. ಚಿಕ್ಕಂದಿನಿಂದ ರೇಸ್‌ಗಳಲ್ಲಿ ಓಡಿದ ಒಬ್ಬ ತರುಣ. ಆ ತರುಣ ಇಳಿಜಾರಿನಲ್ಲಿ ಬರುತ್ತಿದ್ದರೆ ನಾವೆಲ್ಲ ಮಾತು ನಿಲ್ಲಿಸಿ ನೋಡುತ್ತಿದ್ದೆವು. ಆದರೆ ಹೊಸಬರಿಗೆ ನಿಲ್ಲುವುದನ್ನು ಹೇಗೆ ಕಲಿಸುತ್ತೀಯ ಎಂದು ತರಬೇತುದಾರರು ಕೇಳಿದಾಗ ಅವನು ಬಹಳ ಹೊತ್ತು ಯೋಚಿಸಿ, "ನಿಂತುಬಿಡುವುದು, ಅಷ್ಟೇ" ಎಂದ. ಪಾಪ, ಅವನ ತಪ್ಪಲ್ಲ. ನಡೆಯಲು ಕಲಿತದ್ದು ಹೇಗೆಂದು ನಮ್ಮಲ್ಲಿ ಯಾರಿಗೆ ನೆನಪಿದೆ? ನಡುವಯಸ್ಸಿನಲ್ಲಿ, ಬಿದ್ದು ಎದ್ದು, ಭಯಪಟ್ಟು ಕಲಿತವರಿಗೆ ಇಲ್ಲಿ ಒಂದು ಅನುಕೂಲ ಉಂಟು: ಪ್ರತಿ ಹೆಜ್ಜೆಯೂ ನೆನಪಿರುತ್ತದೆ. ಈ ಕೋರ್ಸಿಗೆ ಬೇಕಾದ ಗುಣಗಳಲ್ಲಿ ಇದನ್ನು ನಾನು ಮೊದಲು ಇಡುತ್ತೇನೆ.

ಮೊದಲ ದಿನ ಪೂರ್ತಿ ನಮ್ಮ ಸ್ಕೀಯಿಂಗನ್ನು ಬಿಚ್ಚಿ ಹರಡಿದರು. ನಿಲುವು ಮತ್ತು ಸಮತೋಲ, ಸೊಂಟದ ಮೇಲಿನ ದೇಹವನ್ನು ಶಾಂತವಾಗಿಟ್ಟು ಕಾಲುಗಳಿಂದ ತಿರುಗುವುದು, ಸ್ಕೀಯ ಅಂಚು ಹಿಮವನ್ನು ಕಚ್ಚುವುದು, ತಿರುವಿನಲ್ಲಿ ಹೊರಗಿನ ಕಾಲಿನ ಮೇಲೆ ಭಾರ ಬೀಳುವುದು, ಇವೆಲ್ಲ ಸರಿಯಾದ ಹೊತ್ತಿಗೆ ಒಂದಕ್ಕೊಂದು ಕೂಡಿ ಬರುವುದು. ಕೇಳಲು ಪಠ್ಯಪುಸ್ತಕದ ಅಧ್ಯಾಯಗಳಂತಿವೆ. ಆದರೆ ಇವನ್ನು ಮಾಡಿ ತೋರಿಸಬೇಕಾದದ್ದು ನಡೆಯುವ ವೇಗದಲ್ಲಿ. ವೇಗದಲ್ಲಿ ಇಳಿಯುವವರ ದೋಷಗಳನ್ನು ವೇಗವೇ ಮುಚ್ಚುತ್ತದೆ. ನಿಧಾನಕ್ಕೆ ಇಳಿದರೆ ಒಂದೂ ಅಡಗುವುದಿಲ್ಲ. ಹೊಸಬರಿಗೆ ಮೊದಲು ಕಲಿಸುವುದು ಬೆಣೆಯಾಕಾರ: ಸ್ಕೀಗಳ ಮುಂತುದಿಗಳು ಹತ್ತಿರ, ಹಿಂತುದಿಗಳು ದೂರ, ಒಳ ಅಂಚುಗಳು ಹಿಮವನ್ನು ತುಸು ಹಿಡಿದಿರಬೇಕು. ಮಕ್ಕಳಿಗೆ ಇದನ್ನೇ ಪಿಜ್ಜಾ ತುಂಡು ಎನ್ನುತ್ತಾರೆ, ಸ್ಕೀಗಳು ನೇರವಾಗಿ ಅಕ್ಕಪಕ್ಕ ಇದ್ದರೆ ಫ್ರೆಂಚ್ ಫ್ರೈಸ್. ನಮ್ಮ ರೇಸ್ ಹುಡುಗ ಈ ಪಿಜ್ಜಾ ಮಾಡಿ ನಿಧಾನಕ್ಕೆ ತಿರುಗಲು ಪಟ್ಟ ಪಾಡು ನೋಡಿ ಎಂಜಿನಿಯರ್ ಸಾಹೇಬರಿಗೆ ಒಳಗೊಳಗೇ ಖುಷಿಯಾಗಿತ್ತು ಎಂದು ನನ್ನ ಗುಮಾನಿ.

ಈ ಕೋರ್ಸಿನಿಂದ ನನಗೆ ದಕ್ಕಿದ ಅತ್ಯುತ್ತಮ ಪಾಠ ಕಣ್ಣಿನದು. ಹೊಸಬರು ಹೆದರಿದಾಗ ಇಳಿಜಾರಿನಿಂದ ದೂರ, ಅಂದರೆ ಹಿಂದಕ್ಕೆ ವಾಲುತ್ತಾರೆ. ಭಾರ ಹಿಮ್ಮಡಿಗೆ ಹೋಗುತ್ತದೆ, ಸ್ಕೀಯ ಮುಂಭಾಗ ಹಗುರವಾಗಿ ಹಿಡಿತ ಬಿಡುತ್ತದೆ, ತಿರುಗುವುದೂ ಆಗುವುದಿಲ್ಲ, ನಿಲ್ಲುವುದೂ ಆಗುವುದಿಲ್ಲ. ವೇಗ ಹೆಚ್ಚುತ್ತದೆ, ಅದಕ್ಕೆ ಇನ್ನಷ್ಟು ಹಿಂದಕ್ಕೆ ವಾಲುತ್ತಾರೆ. ಇದನ್ನು ಕಂಡ ಮನೆಯವರು ಬದಿಯಿಂದ "ಮುಂದೆ ಬಗ್ಗು, ಮುಂದೆ ಬಗ್ಗು" ಎಂದು ಕೂಗುತ್ತಾರೆ. ಕಲಿಯುವವರು ಸೊಂಟದಲ್ಲಿ ಬಗ್ಗುತ್ತಾರೆ, ಪೃಷ್ಠ ಇನ್ನೂ ಹಿಂದಕ್ಕೆ ಹೋಗುತ್ತದೆ. ನೋಡಬೇಕಾದ ಜಾಗ ಸೊಂಟವಲ್ಲ, ಬೂಟು. ಕಣಕಾಲಿನ ಮುಂಭಾಗ ಬೂಟಿನ ನಾಲಿಗೆಗೆ ತಾಗಿಕೊಂಡಿದೆಯೇ, ನಡುವೆ ಸಂದು ಬಿದ್ದಿದೆಯೇ? ಸಂದು ಇದ್ದರೆ ಅವರು ಹಿಂದಿದ್ದಾರೆ. ಪರಿಹಾರವೂ ಉಪದೇಶವಲ್ಲ, ಒಂದು ಕೆಲಸ: ಮೆಲ್ಲಗೆ ಜಾರುತ್ತಿರುವಾಗಲೇ ಸಣ್ಣ ಸಣ್ಣ ಜಿಗಿತ ಹಾಕಿಸುವುದು. ಹಿಂದಕ್ಕೆ ವಾಲಿಕೊಂಡು ಜಿಗಿಯಲು ಯಾರಿಂದಲೂ ಆಗುವುದಿಲ್ಲ. ದೇಹ ತಾನಾಗಿಯೇ ಪಾದದ ನಡುವಿಗೆ ಬಂದು ನಿಲ್ಲುತ್ತದೆ. ಬಿ.ಎಡ್. ಮಾಡುವಾಗ ಪಾಠಯೋಜನೆಯ ಹಾಳೆಗಳನ್ನು ರಾಶಿ ರಾಶಿ ಬರೆದಿದ್ದೇನೆ. ವಿದ್ಯಾರ್ಥಿಯ ತಪ್ಪಿನ ಬೇರು ಎಲ್ಲಿದೆ ಎಂದು ನೋಡುವುದನ್ನು ಇಷ್ಟು ನೇರವಾಗಿ ಅಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಎರಡನೆಯ ದಿನ ನಾವು ಒಬ್ಬರಿಗೊಬ್ಬರು ಪಾಠ ಮಾಡಿದೆವು. ನಿಯಮಗಳು ಸರಳ. ಒಂದು ಸಲಕ್ಕೆ ಒಂದೇ ಸೂಚನೆ. ಮಾತು ಅರ್ಧ ನಿಮಿಷ, ಮಾಡಿ ತೋರಿಸುವುದು ಒಂದು ಸಲ, ಮಿಕ್ಕ ಹೊತ್ತೆಲ್ಲ ಅವರು ಮಾಡಬೇಕು. ತರಗತಿಯನ್ನು ಇಳಿಜಾರಿನ ನಡುವೆ ನಿಲ್ಲಿಸಬಾರದು, ಮೇಲಿನಿಂದ ಬರುವವರಿಗೆ ಕಾಣುವಂತೆ ಅಂಚಿನಲ್ಲಿ ನಿಲ್ಲಿಸಬೇಕು. ಬಿಸಿಲಿಗೂ ಗಾಳಿಗೂ ಮುಖ ಕೊಡಬೇಕಾದವರು ಬೋಧಕರು, ಕಲಿಯುವವರ ಬೆನ್ನು ಅತ್ತ ಇರಬೇಕು. ಸ್ಕೀಗಳನ್ನು ಇಳಿಜಾರಿಗೆ ಅಡ್ಡಲಾಗಿ ಇಟ್ಟು ನಿಲ್ಲುವುದನ್ನು, ಬಿದ್ದರೆ ಏಳುವುದನ್ನು ಮೊದಲೇ ಹೇಳಿಕೊಡಬೇಕು. ಇದರಲ್ಲಿ ಹೊಸತೇನಿದೆ ಎನ್ನಬಹುದು. ಮೈನಸ್ ಇಪ್ಪತ್ತು ಡಿಗ್ರಿಯಲ್ಲಿ, ಕೈಗವಸು ಹಾಕಿಕೊಂಡು, ಹೆಲ್ಮೆಟ್‌ನೊಳಗೆ ಅರ್ಧಂಬರ್ಧ ಕೇಳುವ ಕಿವಿಗಳಿಗೆ ಹೇಳಿ ನೋಡಿ, ಆಗ ಒಂದೇ ಸೂಚನೆ ಏಕೆಂದು ತಿಳಿಯುತ್ತದೆ.

ನಮ್ಮ ಊರಿನಲ್ಲಿ ಈಜು ಕಲಿಸುತ್ತಿದ್ದುದು ಹೇಗೆ? ಒಣಗಿದ ಸೋರೆ ಬುರುಡೆ ಬೆನ್ನಿಗೆ ಕಟ್ಟಿ ಬಾವಿಗೆ ತಳ್ಳುವುದು. ಕಲಿತವರು ಕಲಿತರು, ಹೆದರಿದವರು ಜನ್ಮದಲ್ಲಿ ಮತ್ತೆ ಬಾವಿಯ ಕಡೆ ಹೋಗಲಿಲ್ಲ. ಗೆಳೆಯರನ್ನು ನಂಬಿ ಸ್ಕೀ ಕಲಿಯಲು ಹೋಗುವವರ ಕಥೆಯೂ ಇದೇ. ಚೇರ್‌ಲಿಫ್ಟಿನಲ್ಲಿ ಕೂರಿಸಿ ನೇರ ಮೇಲಕ್ಕೆ ಒಯ್ದು "ಬಾ, ಏನೂ ಆಗುವುದಿಲ್ಲ" ಎನ್ನುತ್ತಾರೆ. ಈ ಕೋರ್ಸಿನ ದಾರಿ ತೀರ ಬೇರೆ. ಸಮತಟ್ಟಿನಲ್ಲಿ ಬರೀ ಬೂಟು ಹಾಕಿ ನಡೆದಾಡಿಸುವುದು. ಒಂದೇ ಸ್ಕೀ ಕಟ್ಟಿ ಇನ್ನೊಂದು ಕಾಲಿನಿಂದ ತಳ್ಳಿಕೊಂಡು ಜಾರಿಸುವುದು. ಎರಡೂ ಕಟ್ಟಿ, ತಾನಾಗಿಯೇ ನಿಂತುಬಿಡುವಂಥ ಜಾಗದಲ್ಲಿ ನೇರ ಇಳಿಸುವುದು. ಆಮೇಲೆ ಬೆಣೆ, ಆಮೇಲೆ ತಿರುವು, ಆಮೇಲೆ ಲಿಫ್ಟು. ಯಾವ ಹಂತದಲ್ಲೂ ಭಯ ಕಲಿಕೆಯನ್ನು ಮೀರಬಾರದು. ಮಕ್ಕಳ ವಿಷಯದಲ್ಲಿ ಲಿಫ್ಟಿನ ಪಾಠವನ್ನೇ ಪ್ರತ್ಯೇಕವಾಗಿ ಮಾಡಿದರು: ಬೆನ್ನು ಹಿಂದಕ್ಕೆ ಆನಿಸಿ ಕೂರಿಸಬೇಕು, ಅಡ್ಡಕಂಬಿ ಕೆಳಗಿಳಿಸಬೇಕು, ಮಗು ಕೈಗವಸು ಬೀಳಿಸಿದರೆ ಹಿಡಿಯಲು ಯಾರೂ ಬಗ್ಗಬಾರದು. ಕೈಗವಸು ಹೋದರೆ ಹೋಗಲಿ.

ಬೇಕಾದ ಗುಣಗಳ ಪಟ್ಟಿಯಲ್ಲಿ ಯಾರೂ ಬರೆಯದ ಕೆಲವು ಇವೆ. ಐದು ವರ್ಷದ ಮಗುವನ್ನು ಶೌಚಾಲಯಕ್ಕೆ ಕರೆದೊಯ್ದು, ಹೆಲ್ಮೆಟ್, ಕನ್ನಡಕ, ಕೈಗವಸು, ಜಾಕೆಟ್, ಭುಜಕ್ಕೆ ಪಟ್ಟಿಯಿರುವ ಉದ್ದ ಪ್ಯಾಂಟ್ ಎಲ್ಲ ಬಿಚ್ಚಿಸಿ ಮತ್ತೆ ಹಾಕಿಸುವ ತಾಳ್ಮೆ. ಕೆನ್ನೆಯ ಮೇಲೆ ಬಿಳಿ ಮಚ್ಚೆ ಕಂಡೊಡನೆ, ಚರ್ಮ ಹೆಪ್ಪುಗಟ್ಟತೊಡಗಿದೆ ಎಂದು ಅರಿತು, ಪಾಠವನ್ನು ಅಲ್ಲಿಗೇ ನಿಲ್ಲಿಸಿ ಒಳಗೆ ಕರೆದೊಯ್ಯುವ ಎಚ್ಚರ. ಒಂದೇ ಮಾತನ್ನು ದಿನಕ್ಕೆ ನೂರು ಸಲ, ಮೊದಲ ಸಲ ಹೇಳುತ್ತಿರುವಂತೆ ಹೇಳುವ ಕಲೆ. ಇದು ಮೇಷ್ಟರ ಕುಲಕ್ಕೆ ಹುಟ್ಟಿನಿಂದ ಬಂದದ್ದು. ಮಕ್ಕಳೊಂದಿಗೆ ಕೆಲಸ ಮಾಡುವವರ ಹಿನ್ನೆಲೆಯನ್ನು ಪೊಲೀಸರ ಮೂಲಕ ಪರಿಶೀಲಿಸುವುದು ಇಲ್ಲಿ ವಾಡಿಕೆ, ಅದನ್ನು ಕೆಲಸ ಕೊಡುವವರು ಕೇಳುತ್ತಾರೆ. ಪ್ರಥಮ ಚಿಕಿತ್ಸೆಯ ತರಬೇತಿಯನ್ನು ಬೇರೆಯಾಗಿ ಮಾಡಿಕೊಳ್ಳುವುದು ಒಳ್ಳೆಯದು.

ಇನ್ನು ಸಲಕರಣೆ. ಕಲಿಯಲು ಬರುವ ನಮ್ಮವರ ಅರ್ಧ ಕಷ್ಟ ಬೂಟಿನಲ್ಲಿದೆ. ಚಳಿಗೆ ಹೆದರಿ ಎರಡು ಜೊತೆ ಕಾಲುಚೀಲ ಹಾಕುತ್ತಾರೆ, ಉಣ್ಣೆಯ ಒಳಪ್ಯಾಂಟನ್ನು ಬೂಟಿನೊಳಗೆ ತುರುಕುತ್ತಾರೆ, ಒತ್ತುತ್ತದೆ ಎಂದು ಒಂದು ಅಳತೆ ದೊಡ್ಡ ಬೂಟು ಕೇಳಿ ಪಡೆಯುತ್ತಾರೆ. ಪರಿಣಾಮವಾಗಿ ಹಿಮ್ಮಡಿ ಒಳಗೆ ಏಳುತ್ತದೆ, ಕಾಲು ತಿರುಗಿದರೂ ಸ್ಕೀ ತಿರುಗುವುದಿಲ್ಲ, ರಕ್ತ ಓಡದೆ ಚಳಿಯೂ ಹೆಚ್ಚುತ್ತದೆ. ಒಂದೇ ಜೊತೆ ತೆಳು ಕಾಲುಚೀಲ, ಬೂಟಿನೊಳಗೆ ಬೇರೇನೂ ಇಲ್ಲ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್, ಬಿದ್ದಾಗ ಎಷ್ಟು ಬಲಕ್ಕೆ ಬಿಟ್ಟುಕೊಳ್ಳಬೇಕು ಎಂಬುದನ್ನು ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಸ್ಕೀ ಮಾಡುವ ರೀತಿ ನೋಡಿ ನಿಗದಿ ಮಾಡುತ್ತಾರೆ. ನಾನು ಹೋದ ಒಂದು ಬಾಡಿಗೆ ಅಂಗಡಿಯಲ್ಲಿ, ಹೆಸರು ಬೇಡ, ಎದುರಿಗಿದ್ದ ಹುಡುಗ ನನ್ನ ತೂಕವನ್ನು ಕೇಳದೆ ಕಣ್ಣಂದಾಜಿನಲ್ಲೇ ಬರೆದುಕೊಳ್ಳಲು ಹೊರಟಿದ್ದ. ಹೆಂಗಸರ ತೂಕ ಕೇಳಬಾರದೆಂಬ ಸೌಜನ್ಯವಿರಬಹುದು. ಮೊಣಕಾಲಿನ ಅಸ್ಥಿರಜ್ಜು ಹರಿದರೆ ಆ ಸೌಜನ್ಯ ಉಪಯೋಗಕ್ಕೆ ಬಾರದು. ಕೇಳದಿದ್ದರೂ ನೀವೇ ಹೇಳಿ, ನಿಜವನ್ನೇ ಹೇಳಿ.

ಕೋರ್ಸ್ ಮುಗಿದ ಮೇಲೆ ಅದರ ಬೆಲೆ ತಿಳಿದದ್ದು ಮಗನ ಮನೆಗೆ ಮಂಡ್ಯದಿಂದ ಬಂದಿದ್ದ ಹಿರಿಯರೊಬ್ಬರಿಗೆ ಕಲಿಸುವಾಗ. ಮೊಮ್ಮಗಳು ಜಾರುವುದನ್ನು ನೋಡಿ ತಾವೂ ಒಮ್ಮೆ ನಿಲ್ಲಬೇಕೆಂದು ಆಸೆಪಟ್ಟರು. ಬೂಟು, ಸ್ಕೀ ಎಲ್ಲ ಕಟ್ಟಿಯಾದ ಮೇಲೆ ಗಂಭೀರವಾಗಿ ಕೇಳಿದರು, "ಇದಕ್ಕೆ ಬ್ರೇಕ್ ಎಲ್ಲಿದೆಯಮ್ಮ?" ನಕ್ಕುಬಿಡಬಹುದಿತ್ತು. ಆದರೆ ಮೊದಲ ಪಾಠ ಶುರುವಾಗಬೇಕಾದದ್ದು ಇದೇ ಪ್ರಶ್ನೆಯಿಂದ. ಸಮತಟ್ಟಿನಲ್ಲೇ ಅವರ ಎದುರು ನಿಂತು, ಅವರ ಸ್ಕೀಗಳ ತುದಿಗಳನ್ನು ಹಿಡಿದುಕೊಂಡು, "ಹಿಮ್ಮಡಿಗಳನ್ನು ಹೊರಕ್ಕೆ ತಳ್ಳಿ ಸಾರ್, ಇದೇ ಬ್ರೇಕ್" ಎಂದೆ. ಒಂದು ಸಲ ತಳ್ಳಿದರು, ಎರಡು ಸಲ ತಳ್ಳಿದರು. ಆಮೇಲೆ ಕಂಡೂ ಕಾಣದಷ್ಟು ಇಳಿಜಾರಿನಲ್ಲಿ ಕೆಲವು ಗಜ ಜಾರಿ ತಾವೇ ನಿಂತರು. ಸೊಸೆ ವಿಡಿಯೊ ತೆಗೆಯಲು ಮರೆತಿದ್ದಕ್ಕೆ ಮತ್ತೊಮ್ಮೆ ಜಾರಬೇಕಾಯಿತು.

ನಮ್ಮವರಿಗೂ ಸ್ಕೀಗೂ ಏನು ಸಂಬಂಧ ಎನ್ನುವವರಿಗೆ ಒಂದು ಮಾತು. ಕ್ಯಾಲ್ಗರಿಯ ಪಶ್ಚಿಮಕ್ಕಿರುವ ನಕಿಸ್ಕಾ ಬೆಟ್ಟದಲ್ಲಿ 1988ರ ಚಳಿಗಾಲದ ಒಲಿಂಪಿಕ್ಸ್‌ನ ಆಲ್ಪೈನ್ ಸ್ಪರ್ಧೆಗಳು ನಡೆದವು. ಅಲ್ಲಿ, ಕಂಬಗಳ ನಡುವೆ ತಿರುತಿರುಗಿ ಇಳಿಯುವ ಮಹಿಳೆಯರ ಸ್ಲಾಲಮ್‌ನಲ್ಲಿ ಇಳಿದ ಶೈಲಜಾ ಕುಮಾರ್, ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ ಮೊದಲ ಭಾರತೀಯ ಮಹಿಳೆ. 28ನೇ ಸ್ಥಾನ ಪಡೆದರು. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಇಂದು, ಬಯಲಿನಲ್ಲೂ ಏರಿನಲ್ಲೂ ದೂರ ಸಾಗುವ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಭಾರತದ ಪರ ಓಡುತ್ತಿದ್ದಾರೆ. ಕರ್ನಾಟಕದಲ್ಲೇ ಇದ್ದು ಕಲಿಯಬೇಕೆನ್ನುವವರು ಕೆನಡಾದ ಕನಸು ಕಾಣಬೇಕಿಲ್ಲ: ಮನಾಲಿಯಲ್ಲಿ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆ ಇದೆ, ಗುಲ್ಮಾರ್ಗ್‌ನಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಇದೆ. ಅಲ್ಲಿ ಸರಿಯಾಗಿ ತಿರುಗುವುದನ್ನು ಕಲಿತ ಮೇಲೆ ಬೋಧಕರ ಮಾತು.

ಯುರೋಪಿನ ಕನಸಿದ್ದವರಿಗೆ ದಾರಿ ಬಹಳ ಉದ್ದ. ಫ್ರಾನ್ಸಿನಂಥ ದೇಶದಲ್ಲಿ ಸ್ವತಂತ್ರವಾಗಿ ಕಲಿಸಲು ಅತ್ಯುನ್ನತ ಹಂತದ ಅರ್ಹತೆ ಬೇಕು, ಅದರಲ್ಲಿ ಯುರೋ ಟೆಸ್ಟ್ ಎಂಬ ಗಡಿಯಾರದ ಪರೀಕ್ಷೆಯೂ ಸೇರಿದೆ. ಕಂಬಗಳು ಇನ್ನಷ್ಟು ದೂರ ದೂರ ಇರುವ ಜೈಂಟ್ ಸ್ಲಾಲಮ್ ಹಾದಿಯಲ್ಲಿ, ಮೊದಲು ಇಳಿದು ತೋರಿಸಿದ ರೇಸರ್‌ನ ಲೆಕ್ಕಹಾಕಿದ ಸಮಯಕ್ಕಿಂತ ಗಂಡಸರು 18 ಶೇಕಡ, ಹೆಂಗಸರು 24 ಶೇಕಡಕ್ಕಿಂತ ಹೆಚ್ಚು ಹಿಂದೆ ಬೀಳುವಂತಿಲ್ಲ. ಹರಯದಲ್ಲಿ ಹಿಮದ ಮೇಲೆ ಬೆಳೆಯದವರು ಇದನ್ನು ಪತ್ರಿಕೆಯಲ್ಲಿ ಓದಿ ಆನಂದಿಸುವುದು ಮೇಲು. ಕೆನಡಾದ ಮೊದಲ ಹಂತದಲ್ಲಿ ಗಡಿಯಾರ ಇಲ್ಲ.

ಕಳೆದ ಎರಡು ಅಂಕಗಳ ಲೆಕ್ಕ ಕೊಡಬೇಕು. ಒಂದು ಹೋದದ್ದು ಅವಧಿಗೆ. ಸ್ವಂತ ಸ್ಕೀಯಿಂಗ್ ತಿದ್ದಿಕೊಂಡು, ಕಲಿಸುವುದನ್ನೂ ಕಲಿಯಲು ಮೂರು ದಿನ ಬಿಗಿ. ನಿಜವಾದ ಮಕ್ಕಳ ಮುಂದೆ ನಿಲ್ಲುವ ಅಭ್ಯಾಸ ಕೆಲಸಕ್ಕೆ ಸೇರಿದ ಮೇಲೆಯೇ ಆಗಬೇಕು. ನಾನಾಗಿದ್ದರೆ ಅನುಭವಿಗಳ ತರಗತಿಯ ಹಿಂದೆ ಒಂದು ದಿನ ಸುಮ್ಮನೆ ನಿಂತು ನೋಡುವುದನ್ನು ಕಡ್ಡಾಯ ಮಾಡುತ್ತಿದ್ದೆ. ಇನ್ನೊಂದು ಅಂಕ ಕೋರ್ಸ್ ನಡೆದ ಬೆಟ್ಟದ ವ್ಯವಸ್ಥೆಗೆ, ಆ ಬೆಟ್ಟದ ಹೆಸರು ಬರೆಯುವುದಿಲ್ಲ. ಒಳಗಿನ ಪಾಠಕ್ಕೆ ಕೊಟ್ಟ ಕೋಣೆಯ ಪಕ್ಕದಲ್ಲೇ ಮಕ್ಕಳ ಹುಟ್ಟುಹಬ್ಬದ ಪಾರ್ಟಿ. ಗುರುತ್ವಾಕರ್ಷಣೆಯ ವಿವರಣೆಯ ನಡುವೆ ಹಾಡು ಕೇಳುತ್ತಿತ್ತು. ಪಾಸಾದವರಿಗೆ ಕೆಲಸ ಖಚಿತ ಎಂಬಂತೆ ಮೊದಲು ಮಾತನಾಡಿದವರು ಆಮೇಲೆ ಫೋನಿಗೂ ಸಿಗಲಿಲ್ಲ. ಪ್ರಮಾಣಪತ್ರ ಬೇರೆ, ನೇಮಕ ಬೇರೆ ಎಂದು ಬರೆದಿಟ್ಟುಕೊಳ್ಳಿ. ತರಬೇತುದಾರರು ಮಾತ್ರ ಅಪ್ಪಟ: ಹೊಗಳುವಾಗ ಉದಾರ, ತಿದ್ದುವಾಗ ಚುಟುಕು.

ಹಣದ ಆಸೆಯಿಂದ ಬರುವವರು ಇಲ್ಲಿಗೇ ಓದು ನಿಲ್ಲಿಸಬಹುದು. ಕ್ಯಾಲ್ಗರಿ ಇರುವ ಆಲ್ಬರ್ಟಾ ಪ್ರಾಂತ್ಯದಲ್ಲಿ ಕನಿಷ್ಠ ವೇತನ 2018ರಲ್ಲಿ ಗಂಟೆಗೆ 15 ಡಾಲರ್ ಆಯಿತು. ಹೊಸ ಬೋಧಕರಿಗೆ ಸಿಗುವುದು ಅದರ ಆಸುಪಾಸಿನಲ್ಲೇ. ಪಾಠ ಇದ್ದರೆ ಗಂಟೆ ಲೆಕ್ಕ, ಇಲ್ಲದಿದ್ದರೆ ಇಲ್ಲ ಎನ್ನುವ ಕಡೆಗಳೂ ಇವೆ. ಬೆಟ್ಟದ ಸೀಸನ್ ಪಾಸ್ ಉಚಿತವಾಗಿ ಸಿಕ್ಕಿದರೆ ಅದೇ ದೊಡ್ಡ ಸಂಬಳ.

ಸೇರುವವರಿಗೆ ಕೊನೆಯ ಎರಡು ಮಾತು. ಶುಲ್ಕ ವಿಚಾರಿಸುವಾಗ ಲಿಫ್ಟ್ ಟಿಕೆಟ್ ಅದರಲ್ಲಿ ಸೇರಿದೆಯೇ, ಸಂಘದ ವಾರ್ಷಿಕ ಸದಸ್ಯತ್ವ ಎಷ್ಟು ಎಂದು ಕೇಳಿಕೊಳ್ಳಿ. ತಿಂಗಳು ಆರಿಸುವುದು ನಿಮ್ಮ ಉದ್ದೇಶದ ಮೇಲೆ. ಕೆಲಸ ಬೇಕೆಂದಿದ್ದರೆ ಸೀಸನ್ ಆರಂಭದ ಕೋರ್ಸನ್ನೇ ಹಿಡಿಯಿರಿ, ಬೆಟ್ಟಗಳು ಜನರನ್ನು ತೆಗೆದುಕೊಳ್ಳುವುದು ಆಗ. ಚಳಿ ಮಾತ್ರ ಕಡು. ಕಲಿಯುವ ಕುತೂಹಲಕ್ಕೆ ಮಾತ್ರವಾದರೆ ಮಾರ್ಚ್ ಒಳ್ಳೆಯದು, ಹಗಲು ಉದ್ದ, ಬೆರಳು ಮರಗಟ್ಟುವುದಿಲ್ಲ. ಆದರೆ ಬೆಟ್ಟಗಳಾಚೆಯಿಂದ ಬೆಚ್ಚನೆಯ ಚಿನೂಕ್ ಗಾಳಿ ಬೀಸಿದ ಮರುದಿನ, ಕರಗಿದ ಹಿಮ ರಾತ್ರಿ ಹೆಪ್ಪುಗಟ್ಟಿ ಗಾಜಿನಷ್ಟು ಗಟ್ಟಿಯಾಗಿರುತ್ತದೆ. ಹೊರಡುವ ಮುನ್ನ ಸ್ಕೀಯ ಅಂಚು ಮಸೆಸಿಕೊಂಡೇ ಹೋಗಿ.